ಡಿಸ್ಕ್ ಜಾರುವುದಿಲ್ಲ, ಇನ್ನೊಮ್ಮೆ ಹೇಳುತ್ತೇನೆ

ಪ್ರಶ್ನೆ: ಸೊಂಟದ ಎಂಆರ್‌ಐ ಮಾಡಿಸಿದೆ. ಎಲ್‌4-ಎಲ್‌5ರಲ್ಲಿ ಬಲ್ಜ್, ಎಲ್‌5-ಎಸ್‌1ರಲ್ಲಿ ಪ್ರೊಟ್ರೂಷನ್ ಅಂತ ಬರೆದಿದ್ದಾರೆ. ಎರಡು ಡಿಸ್ಕ್ ಜಾರಿದೆ ಅಂತ ಅರ್ಥವಾ? ನಮ್ಮ ಕಾರ್ಕಳ ಕಡೆ ಒಬ್ಬರು ಉಜ್ಜಿ ಕೂರಿಸಿ ಕೊಡ್ತಾರಂತೆ. ಹೋಗಬಹುದಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಬರೆಯುತ್ತೇನೆ. 'ಜಾರಿದೆ' ಅನ್ನುವ ಈ ಒಂದು ಮಾತಿನಿಂದ ಗಟ್ಟಿಮುಟ್ಟಾದವರೂ ಹೆದರಿ ತಿಂಗಳುಗಟ್ಟಲೆ ಮಲಗುವುದನ್ನು ನೋಡಿ ಬೇಜಾರಾಗುತ್ತದೆ.

ಡಿಸ್ಕ್ ಅಂದರೆ ಎರಡು ಎಲುಬಿನ ನಡುವೆ ಸುಮ್ನೆ ಇಟ್ಟ ಬಿಲ್ಲೆಯಲ್ಲ. ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ಅದು ಬಿಗಿಯಾಗಿ ಬೆಸೆದುಕೊಂಡಿದೆ. ಎಲ್‌4-ಎಲ್‌5 ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬಿನ ನಡುವಿನ ಡಿಸ್ಕ್, ಎಲ್‌5-ಎಸ್‌1 ಅಂದರೆ ಐದನೆಯದಕ್ಕೂ ಅದರ ಕೆಳಗಿನ ತ್ರಿಕಾಸ್ಥಿಗೂ (ಬೆನ್ನೆಲುಬಿನ ಬುಡದ ಮೂಳೆ) ನಡುವಿನದು. ಹೊರಗೆ ಪದರ ಪದರವಾಗಿ ನಾರಿನ ಬಳೆ, ಒಳಗೆ ಮೆತ್ತಗಿನ ತಿರುಳು. ನಾರು ಸವೆದು ಬಿರುಕು ಬಿಟ್ಟಾಗ ತಿರುಳು ಆ ಕಡೆ ಒತ್ತಿ ಬರುತ್ತದೆ. ಆಗುವುದು ಇಷ್ಟೇ. ಡಿಸ್ಕ್ ಇದ್ದಲ್ಲೇ ಇರುತ್ತದೆ.

ಹಾಗಾದರೆ ಕೂರಿಸುವುದು ಏನನ್ನು? ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದರೆ ಮೊದಲು ಚರ್ಮ ಸಿಗುತ್ತದೆ, ಆಮೇಲೆ ದಪ್ಪ ಸ್ನಾಯು, ಎಲುಬಿನ ಕಮಾನು, ಅದರೊಳಗೆ ನರಗಳ ಚೀಲ. ಡಿಸ್ಕ್ ಇರುವುದು ಇಷ್ಟೆಲ್ಲದರ ಮುಂದೆ, ಹೊಟ್ಟೆಯ ಕಡೆಗೆ. ಅಲ್ಲಿಗೆ ಯಾರ ಬೆರಳೂ ಮುಟ್ಟುವುದಿಲ್ಲ. 'ಟಕ್' ಅಂತ ಕೇಳುವುದು ಹಿಂಬದಿಯ ಸಣ್ಣ ಕೀಲುಗಳ ಸದ್ದು. ಉಜ್ಜಿದಾಗ ಬಿಗಿದ ಸ್ನಾಯು ಸಡಿಲಾಗಿ ಹಾಯೆನಿಸಬಹುದು, ಅದು ಬೇರೆ ಮಾತು. ಆದರೆ ನರ ಮೊದಲೇ ಒತ್ತಿಹೋಗಿದ್ದಾಗ ಮೇಲೆ ಹತ್ತಿ ತುಳಿಸಿಕೊಳ್ಳುವುದು, ತಿರುಚಿಸಿಕೊಳ್ಳುವುದು ಖಂಡಿತ ಬೇಡ. ಬೆನ್ನಿನಲ್ಲಿ ನಿಜವಾಗಿ ಜಾರುವುದು ಇನ್ನೊಂದಿದೆ: ಒಂದು ಎಲುಬು ಕೆಳಗಿನದರ ಮೇಲೆ ಮುಂದಕ್ಕೆ ಸರಿಯುವುದು. ಅದಕ್ಕೆ ಸ್ಪಾಂಡಿಲೊಲಿಸ್ತೀಸಿಸ್ ಅನ್ನುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಆ ಪದವಿಲ್ಲ.

ಈಗ ನಿಮ್ಮ ಪದಗಳು. ಒಬ್ಬೊಬ್ಬರು ಒಂದೊಂದು ರೀತಿ ಬರೆದು ಗೊಂದಲವಾಗುತ್ತಿತ್ತು. ಅಮೆರಿಕದ ಬೆನ್ನೆಲುಬು ತಜ್ಞರ ಮತ್ತು ರೇಡಿಯಾಲಜಿಸ್ಟರ ಸಂಘಗಳು ಸೇರಿ 2001ರಲ್ಲಿ ಅರ್ಥ ಗೊತ್ತುಮಾಡಿ, 2014ರಲ್ಲಿ ಪರಿಷ್ಕರಿಸಿದವು. ಡಿಸ್ಕಿನ ಸುತ್ತಳತೆಯ ಕಾಲು ಭಾಗಕ್ಕಿಂತ ಜಾಸ್ತಿ ಕಡೆ ಅಂಚು ಹೊರಗೆ ಬಂದಿದ್ದರೆ ಬಲ್ಜ್. ಅದು ಹರ್ನಿಯೇಷನ್ ಅಲ್ಲವೇ ಅಲ್ಲ. ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಉಬ್ಬಿದ್ದರೆ ಹರ್ನಿಯೇಷನ್.

ಅದರ ಬಗೆಗಳನ್ನು ತಿಳಿಯಲು ಗೋಳಿಬಜೆ ಬಿಡುವ ಕೈ ನೋಡಿ. ಹೆಬ್ಬೆರಳಿನಿಂದ ಹಿಟ್ಟು ದೂಡಿದಾಗ ಮೊದಲು ಬುಡ ಅಗಲ, ತುದಿ ಸಣ್ಣ. ಅದು ಪ್ರೊಟ್ರೂಷನ್. ಇನ್ನೂ ದೂಡಿದರೆ ಬುಡ ಸಪೂರವಾಗಿ ತಲೆ ದಪ್ಪವಾಗುತ್ತದೆ. ಅದು ಎಕ್ಸ್‌ಟ್ರೂಷನ್. ಕೈಬಿಟ್ಟು ಎಣ್ಣೆಗೆ ಬಿದ್ದ ತುಂಡು ಸೀಕ್ವೆಸ್ಟ್ರೇಷನ್. ಪಾಠ ಮಾಡುವಾಗ ಹೀಗೆ ಹೇಳಿಕೊಟ್ಟ ವಿದ್ಯಾರ್ಥಿಗಳು ಯಾರೂ ಇದನ್ನು ಮರೆತಿಲ್ಲ.

ಇವೆಲ್ಲ ಆಕಾರದ ಹೆಸರುಗಳು, ನೋವಿನ ಅಳತೆಯಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿದ 2015ರ ವಿಶ್ಲೇಷಣೆಯೊಂದರಲ್ಲಿ 20ರ ವಯಸ್ಸಿನವರಲ್ಲಿ ಶೇ. 30, 80ರವರಲ್ಲಿ ಶೇ. 84 ಮಂದಿಗೆ ಬಲ್ಜ್ ಇತ್ತು. ಇನ್ನೊಂದು ಸಮಾಧಾನದ ವಿಷಯ: ಹೆಚ್ಚು ಹೊರಬಂದ ಎಕ್ಸ್‌ಟ್ರೂಷನ್, ಸೀಕ್ವೆಸ್ಟ್ರೇಷನ್‌ಗಳೇ ತಾವಾಗಿ ಕರಗುವ ಸಾಧ್ಯತೆ ಜಾಸ್ತಿ. ಆದರೆ ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಗುದದ ಸುತ್ತ ಜೋಮು ಹಿಡಿದರೆ, ಕಾಲು ಸೋಲುತ್ತಾ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನೀವು ಕೇಳಿಲ್ಲ, ಆದರೂ ಎಲ್‌4, ಎಲ್‌5 ಲೆಕ್ಕದ ಬಗ್ಗೆ ಒಂದು ಮಾತು. ಎಲ್ಲರ ಸೊಂಟದಲ್ಲೂ ಸರಿಯಾಗಿ ಐದೇ ಎಲುಬು ಇರುವುದಿಲ್ಲ. ಕೆಲವರಲ್ಲಿ ಐದನೆಯದು ಕೆಳಗಿನ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ತ್ರಿಕಾಸ್ಥಿಯ ಮೊದಲ ತುಂಡು ಬಿಡಿಯಾಗಿ ಆರನೆಯದರ ಹಾಗೆ ಕಾಣುತ್ತದೆ. ಬಜ್ಪೆಯ ಒಬ್ಬ ಅಮ್ಮ ಎರಡು ಕಡೆಯ ರಿಪೋರ್ಟ್ ನನ್ನ ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಒಂದೇ ವರ್ಷದಲ್ಲಿ ಇನ್ನೊಂದು ಡಿಸ್ಕೂ ಹೋಯ್ತಾ?" ಅಂತ ಕಣ್ಣೀರು ಹಾಕಿದ್ದರು. ಒಂದರಲ್ಲಿ ಎಲ್‌4-ಎಲ್‌5, ಇನ್ನೊಂದರಲ್ಲಿ ಎಲ್‌5-ಎಸ್‌1. ಫಿಲ್ಮುಗಳನ್ನು ಅಕ್ಕಪಕ್ಕ ಬೆಳಕಿಗೆ ಹಿಡಿದೆ. ಅದೇ ಡಿಸ್ಕ್, ಅದೇ ಉಬ್ಬು. ಒಬ್ಬರು ಮೇಲಿಂದ ಎಣಿಸಿದ್ದರು, ಇನ್ನೊಬ್ಬರು ಕೆಳಗಿಂದ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟ್ ಕಾಗದ ಮಾತ್ರ ಸಾಲದು, ಹಳೆಯ ಫಿಲ್ಮುಗಳನ್ನೂ ತಗೊಂಡು ಹೋಗಿ.