ಕೂಸಿನ ರಕ್ತದಲ್ಲಿ ‘ಐಆರ್‌ಟಿ ಜಾಸ್ತಿ’ ಬಂದರೆ ಶ್ವಾಸಕೋಶ ಕೆಟ್ಟಿದೆ ಅಂತಲಾ?

ಪ್ರಶ್ನೆ: ಬಾಗಲಕೋಟೆಯಲ್ಲಿ ಹೆರಿಗೆ ಆಯ್ತು. ಮೂರನೇ ದಿನ ಕೂಸಿನ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದಿದ್ದರು. ಐಆರ್‌ಟಿ ಜಾಸ್ತಿ ಇದೆ, ಸಿಸ್ಟಿಕ್ ಫೈಬ್ರೋಸಿಸ್ ಇದೆಯಾ ನೋಡಬೇಕು, ಮತ್ತೆ ಬನ್ನಿ ಎಂದಿದ್ದಾರೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ, ಕೆಮ್ಮೂ ಇಲ್ಲ. ನಮ್ಮ ಅತ್ತೆಯವರು ‘ಸುಮ್ನಿರವಾ, ಏನೂ ಆಗಿಲ್ಲ’ ಅಂತಾರೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಹಾಗಂತ ಇವತ್ತೇ ಅಳುತ್ತಾ ಕೂರುವುದೂ ಬೇಡ.

ಸಿಸ್ಟಿಕ್ ಫೈಬ್ರೋಸಿಸ್ ಎಂದರೆ ಶ್ವಾಸಕೋಶ, ಮೇದೋಜೀರಕ ಗ್ರಂಥಿಗಳಲ್ಲಿ ಅಂಟು ಗಟ್ಟಿಯಾಗಿ ಕಟ್ಟಿಕೊಳ್ಳುವ, ತಂದೆ ತಾಯಿಯ ಜೀನ್‌ನಿಂದ ಬರುವ ಕಾಯಿಲೆ. ಆದರೆ ಈ ಪರೀಕ್ಷೆ ಶ್ವಾಸಕೋಶವನ್ನು ನೋಡುವುದೇ ಇಲ್ಲ. ಐಆರ್‌ಟಿ ಎಂಬುದು ಮೇದೋಜೀರಕ ಗ್ರಂಥಿಯಿಂದ ಬರುವ ಒಂದು ವಸ್ತು. ಗ್ರಂಥಿಯ ನಾಳಗಳಲ್ಲಿ ಅಂಟು ಕಟ್ಟಿಕೊಂಡರೆ ಅದು ರಕ್ತಕ್ಕೆ ಸೋರುತ್ತದೆ. ಹೆರಿಗೆ ಕಷ್ಟವಾದಾಗ, ದಿನ ತುಂಬದೆ ಹುಟ್ಟಿದಾಗಲೂ ಏರುತ್ತದೆ. ಹೀಗೆ ಏರಿದ ಕೂಸುಗಳಲ್ಲಿ ಹೆಚ್ಚಿನವಕ್ಕೆ ಈ ಕಾಯಿಲೆ ಇರುವುದಿಲ್ಲ.

ಎರಡು-ಮೂರು ವಾರದಲ್ಲಿ ಐಆರ್‌ಟಿ ಮತ್ತೆ ನೋಡುತ್ತಾರೆ, ಇಲ್ಲವೇ ಜೀನ್ ಪರೀಕ್ಷೆ ಮಾಡುತ್ತಾರೆ. ಕೊನೆಗೆ ತೀರ್ಮಾನ ಹೇಳುವುದು ಬೆವರು. ಕೂಸನ್ನು ಬಿಸಿಲಿಗೆ ಹಿಡಿಯುತ್ತಾರೆ ಅಂದುಕೊಳ್ಳಬೇಡಿ! ತೋಳಿಗೆ ಔಷಧಿ ಹಚ್ಚಿ, ಸಣ್ಣಗೆ ಕರೆಂಟ್ ಹಾಯಿಸಿ, ಅರ್ಧ ಗಂಟೆ ಬೆವರು ಕೂಡಿಸುತ್ತಾರೆ. ಅದರಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಜಾಸ್ತಿ ಬಂದರೆ ಕಾಯಿಲೆ ಇದೆ ಎಂದೇ ಲೆಕ್ಕ. 30ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಇಲ್ಲ. ನಡುವೆ ಬಂದರೆ ಜೀನ್ ನೋಡಬೇಕು. ಈ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಇನ್ನು ‘ಕೆಮ್ಮಿಲ್ಲ’ ಎಂಬ ಸಮಾಧಾನ. ಕಾಯಿಲೆ ಇದ್ದರೂ ಹುಟ್ಟುವಾಗ ಶ್ವಾಸಕೋಶ ಹೆಚ್ಚುಕಡಿಮೆ ಚೆನ್ನಾಗೇ ಇರುತ್ತದೆ. ಆಮೇಲೆ ಕಫ ಗಟ್ಟಿಯಾಗಿ ಕೂತು, ಅದರಲ್ಲಿ ಸೂಕ್ಷ್ಮಾಣು ನೆಲೆಯೂರುತ್ತದೆ. ಕೆಮ್ಮು ಕೇಳುವ ಮೊದಲೇ, ಕೆಲವೇ ತಿಂಗಳಲ್ಲಿ, ಒಳಗೆ ಹಾನಿ ಶುರುವಾಗಿರಬಹುದು. ಬೇಗ ಗೊತ್ತಾದರೆ ಸಿಗುವುದು ಆ ತಿಂಗಳುಗಳು.

ಆದರೆ ಬೇಗ ಗೊತ್ತಾದರಷ್ಟೇ ಸಾಲದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1985ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ಬೇಗ ಪತ್ತೆಯಾದ ಮಕ್ಕಳ ತೂಕ, ಎತ್ತರ ಚೆನ್ನಾಗಿತ್ತು. ಶ್ವಾಸಕೋಶಕ್ಕೆ ಮಾತ್ರ ಅಷ್ಟು ಲಾಭ ಕಾಣಲಿಲ್ಲ. ಯಾಕೆ? ಒಂದು ಕ್ಲಿನಿಕ್‌ನಲ್ಲಿ ಎಳೆ ಕೂಸುಗಳೂ ದೊಡ್ಡ ರೋಗಿಗಳೂ ಒಟ್ಟಿಗೇ ಕಾಯುತ್ತಿದ್ದರು. ಸ್ಯೂಡೋಮೊನಾಸ್ ಎಂಬ ಸೂಕ್ಷ್ಮಾಣು ಕೂಸುಗಳಿಗೆ ಬೇಗನೇ ಅಂಟಿತು. ನಮ್ಮ ಗಿಜಿಗುಡುವ ಓಪಿಡಿಗಳನ್ನು ನೆನೆದರೆ ನನಗೆ ಭಯವೇ ಆಗುತ್ತದೆ. ಕಾಯಿಲೆ ಖಚಿತವಾದರೆ ‘ಬೇರೆ ಕಡೆ ಕೂರಿಸಿ’ ಎಂದು ನಾಚದೆ ಕೇಳಿ. ಬಾಣಂತಿ ಕೋಣೆಯ ಲೋಬಾನದ ಹೊಗೆಯನ್ನಂತೂ ಇವತ್ತೇ ನಿಲ್ಲಿಸಿ. ಕಾಯಿಲೆ ಇರಲಿ ಬಿಡಲಿ, ಎಳೆ ಕೂಸಿಗೆ ಹೊಗೆ ಒಳ್ಳೆಯದಲ್ಲ.

ನಮ್ಮ ಕಡೆಯ ಬಿಸಿಲೂ ಸುಮ್ಮನಿರುವುದಿಲ್ಲ. ಈ ಮಕ್ಕಳ ಬೆವರಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ. ಮುತ್ತು ಕೊಟ್ಟರೆ ಉಪ್ಪುಪ್ಪು ಅನ್ನಿಸಿದರೆ ವೈದ್ಯರಿಗೆ ಹೇಳಿ. ಸೆಕೆಯಲ್ಲಿ ಕೂಸು ಹಾಲು ಬಿಟ್ಟು, ವಾಂತಿ ಮಾಡಿ, ಸೋತು ಮಲಗಿದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಉಪ್ಪು ಎಷ್ಟು ಕೊಡಬೇಕು ಎಂಬುದನ್ನು ಅವರೇ ಹೇಳಲಿ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸಂಬಂಧದಲ್ಲಿ ಹಾಗಾಗುವುದು ಜಾಸ್ತಿ. ಇದು ನಿಮ್ಮೊಬ್ಬರ ತಪ್ಪಲ್ಲ ಎಂಬುದನ್ನು ಅತ್ತೆಯವರೂ ವೈದ್ಯರ ಬಾಯಿಂದಲೇ ಕೇಳಲಿ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ.