ಗುರಿಕಾರರ ಸಭೆಯಲ್ಲಿ ಕೊರಗ ಭಾಷೆ

ಭಾಷಾ ದಾಖಲಾತಿಗಾಗಿ ಉಡುಪಿ ಸುತ್ತಲಿನ ಕೊರಗ ಬುಡಕಟ್ಟು ಸಮುದಾಯದ ಕಾಲೊನಿಗಳಿಗೆ ಹೋದಾಗ ನಾನು ಮೊದಲು ಗಮನಿಸುವುದು ಯಾರ ಮುಂದೆ ಯಾವ ಭಾಷೆ ಹೊರಡುತ್ತದೆ ಎಂಬುದನ್ನು. ಬುಟ್ಟಿ ಹೆಣೆಯುತ್ತಾ ಮಗಳೊಂದಿಗೆ ಕೊರಗ ಭಾಷೆಯಲ್ಲಿ ಮಾತನಾಡುತ್ತಿದ್ದ ಅಜ್ಜಿಯೊಬ್ಬರು, ಮೊಮ್ಮಗ ಅಂಗಳಕ್ಕೆ ಬಂದೊಡನೆ ತುಳುವಿಗೆ ತಿರುಗಿದರು. ಅದೇ ಸಂಜೆ ಸಮುದಾಯದ ಮುಖ್ಯಸ್ಥರಾದ ಗುರಿಕಾರರು ಕರೆದ ಸಭೆಯಲ್ಲಿ ಮದುವೆಯ ಮಾತುಕತೆಯಿಂದ ಹಿಡಿದು ನೀರಿನ ತಕರಾರಿನವರೆಗೆ ಎಲ್ಲವೂ ತುಳುವಿನಲ್ಲಿ ನಡೆದು, ಅರ್ಜಿ ಮಾತ್ರ ಕನ್ನಡದಲ್ಲಿ ಸಿದ್ಧವಾಯಿತು. ಮನೆಯಲ್ಲಿ ಮಗುವಿಗೆ, ಸಭೆಯಲ್ಲಿ ಹಿರಿಯರಿಗೆ ಬೇಡವಾದ ಭಾಷೆ ಉಳಿಯಬೇಕಾದರೂ ಎಲ್ಲಿ?

ಕೊರಗ ಭಾಷೆ ತುಳುವಿನ ಒಂದು ಬಗೆಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಅದು ತನ್ನದೇ ವ್ಯಾಕರಣವುಳ್ಳ ದ್ರಾವಿಡ ಭಾಷೆ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಅದರ ವಿವರಣೆಯನ್ನು ಪ್ರಕಟಿಸಿದ್ದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಈ ಸಮುದಾಯದವರು ಸುಮಾರು 15 ಸಾವಿರ, ಮತ್ತು ಅವರೆಲ್ಲರೂ ಈ ಭಾಷೆಯನ್ನು ಆಡುವವರಲ್ಲ. ತುಳುವಿಗೆ 1994ರಲ್ಲಿ ಅಕಾಡೆಮಿ ಬಂತು, ಮುಂದೆ ಪ್ರೌಢಶಾಲೆಯಲ್ಲಿ ತೃತೀಯ ಭಾಷೆಯ ಸ್ಥಾನವೂ ದೊರೆಯಿತು. ಇವುಗಳ ಹಿಂದೆ ಲಕ್ಷಾಂತರ ಜನರ ಬಲವಿತ್ತು. ಕೊರಗ ಭಾಷೆಗೆ ಆ ಬಲವಿಲ್ಲ. ಇಲ್ಲಿ ಗುರಿಕಾರರ ಮಾತೇ ಶಾಲೆ, ಅದೇ ಅಕಾಡೆಮಿ.

ಆದರೆ ಹಿರಿಯರನ್ನು ದೂರುವ ಮೊದಲು ಅಜಲು ಪದ್ಧತಿಯನ್ನು ನೆನೆಯಬೇಕು. ಕೊರಗರನ್ನು ಕೀಳೆಂದು ಕಂಡು, ಕೂಲಿಯಿಲ್ಲದೆ ದುಡಿಸಿಕೊಂಡು ಹೀನಾಯವಾಗಿ ನಡೆಸಿಕೊಂಡ ಆ ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಕೊರಗರೆಂದು ಗುರುತಾಗುವುದೇ ಅವಮಾನಕ್ಕೆ ದಾರಿಯಾಗಿದ್ದ ಕಾಲದಲ್ಲಿ ಬೆಳೆದವರು, ತಮ್ಮ ಮಕ್ಕಳು ಆ ಗುರುತಿನಿಂದ ಪಾರಾಗಲೆಂದು ಭಾಷೆಯನ್ನೂ ಮರೆಮಾಚಿದ್ದರೆ ಅದು ಅವರ ತಪ್ಪಲ್ಲ. ಆ ಅಂಜಿಕೆಯನ್ನು ಹೊರಗಿನಿಂದ ಬಂದ ನನ್ನಂಥವರ ಧ್ವನಿಮುದ್ರಣ ಯಂತ್ರ ಕಳೆಯಲಾರದು. ಸಮುದಾಯ ಯಾರ ಮಾತಿಗೆ ತಲೆಬಾಗುತ್ತದೆಯೋ ಅವರೇ ಕಳೆಯಬಲ್ಲರು.

ನ್ಯೂಜಿಲೆಂಡಿನ ಮಾವೊರಿ ಸಮುದಾಯದವರು 1982ರಲ್ಲಿ ಶಿಶುಕೇಂದ್ರಗಳನ್ನು ಆರಂಭಿಸಿ, ಮಕ್ಕಳೊಂದಿಗೆ ಮಾವೊರಿಯಲ್ಲೇ ಮಾತನಾಡಲು ಅಜ್ಜ ಅಜ್ಜಿಯರನ್ನು ಕೂರಿಸಿದರು. ಆ ಭಾಷೆಗೆ ಅಧಿಕೃತ ಸ್ಥಾನ ದೊರೆತದ್ದು ಐದು ವರ್ಷಗಳ ನಂತರ, 1987ರಲ್ಲಿ. ಸರ್ಕಾರದ ಮನ್ನಣೆಗೆ ಕಾಯದೆ ಹಿರಿಯರು ಮೊದಲು ಹೆಜ್ಜೆಯಿಟ್ಟ ಈ ಕ್ರಮವೇ ನನಗೆ ಮುಖ್ಯವೆನಿಸುತ್ತದೆ.

ಆದ್ದರಿಂದ ಗುರಿಕಾರರಲ್ಲಿ ನಾನು ಕೇಳಿಕೊಳ್ಳುವುದು ಭಾಷಣವನ್ನಲ್ಲ. ತಕರಾರಿನ ತೀರ್ಮಾನವನ್ನು ಅವರು ಕೊರಗ ಭಾಷೆಯಲ್ಲಿ ಹೇಳಲಿ, ಅದನ್ನು ಯುವಕರೊಬ್ಬರು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ. ಪದ ಸಿಗದೆ ತಡವರಿಸಿದಾಗ ಎಲ್ಲರೆದುರು ಆ ಅಜ್ಜಿಯನ್ನೇ ಕೇಳಲಿ. ಮೊಮ್ಮಗನೂ ಅಲ್ಲೇ ಕುಳಿತಿರುತ್ತಾನೆ.