ಹಕ್ಕಿನ ಪಾಠ, ಪ್ರಾಜೆಕ್ಟ್ ಫೈಲು ಮತ್ತು ಧಾರವಾಡದ ಒಂದು ಅರ್ಜಿ

ಹೈಸ್ಕೂಲಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಪ್ರಾಜೆಕ್ಟ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿ ಊಟದ ಹೊತ್ತಿಗೆ "ನಾಳೆನೇ ಕೊಡಬೇಕಂತೆ" ಅನ್ನುವ ಸುದ್ದಿ ಬರುತ್ತದೆ. ಧಾರವಾಡದಲ್ಲಾದರೆ ಸುಭಾಷ್ ರಸ್ತೆ ಕಡೆ ಓಡಬೇಕು, ಹುಬ್ಬಳ್ಳಿಯಲ್ಲಾದರೆ ಓಣಿಯ ಝೆರಾಕ್ಸ್ ಅಂಗಡಿಗೆ. ಚಾರ್ಟ್ ಶೀಟು, ಸ್ಕೆಚ್ ಪೆನ್ನು, ಮಹಾಪುರುಷರ ಚಿತ್ರಪಟ. ಅಂಬೇಡ್ಕರ್, ಗಾಂಧಿ, ಸಾವಿತ್ರಿಬಾಯಿ ಫುಲೆ ಮೂವರನ್ನೂ ಕತ್ತರಿಸಿ ಅಂಟಿಸಿ, ಚಿತ್ರದ ಹಿಂದೆ ಅಚ್ಚಾದ ನಾಲ್ಕು ಸಾಲನ್ನು ಕೆಳಗೆ ಬರೆದರೆ "ಮಾನವ ಹಕ್ಕುಗಳ ಹೋರಾಟಗಾರರು" ಅನ್ನುವ ಪ್ರಾಜೆಕ್ಟ್ ತಯಾರು.

ಈ ಕೆಲಸ ಬೇಕಾ ಬೇಡವಾ ಅನ್ನುವ ಜಗಳ ಹಳೆಯದು. ಪಾಲಕರಿಗೆ ಇದು ಖರ್ಚು. ಶಿಕ್ಷಕರಿಗೆ ದಾಖಲೆ ಬರೆಯುವ ಇನ್ನೊಂದು ಕೆಲಸ. ಇಲಾಖೆಯ ಲೆಕ್ಕದಲ್ಲಿ ಇದು ಸೃಜನಶೀಲತೆ. ಇದರ ಮೇಲೆ ಈಗ ಪಠ್ಯಪುಸ್ತಕದ ಗಲಾಟೆಯೂ ಸೇರಿಕೊಂಡಿದೆ. ಹಾಗಾಗಿ ಎಲ್ಲಿಂದ ಶುರುವಾದದ್ದು ಎಲ್ಲಿಗೆ ಬಂದು ನಿಂತಿದೆ ಅಂತ ಒಮ್ಮೆ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು.

ಪ್ರಾಜೆಕ್ಟ್ ಮಾಡಿ ಕಲಿಯುವುದು ಅನ್ನುವ ವಿಚಾರ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸುತ್ತ ಬೆಳೆದದ್ದು. ಅಲ್ಲಿ ಜಾನ್ ಡ್ಯೂಯಿ ಅನ್ನುವ ತತ್ವಶಾಸ್ತ್ರದ ಪ್ರೊಫೆಸರ್ ಇದ್ದರು. ಮಗು ಕಲಿಯುವುದು ಕೇಳಿಸಿಕೊಂಡು ಅಲ್ಲ, ಮಾಡಿ ನೋಡಿ ಅನ್ನುವುದು ಅವರ ವಾದ. ಅವರ ಜೊತೆಗಿದ್ದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಇದಕ್ಕೆ ಪ್ರಾಜೆಕ್ಟ್ ಪದ್ಧತಿ ಅನ್ನುವ ರೂಪ ಕೊಟ್ಟರು. ಮಗು ತಾನೇ ಆರಿಸಿಕೊಂಡ, ಮನಸ್ಸಿಟ್ಟು ಮಾಡುವ ಕೆಲಸವೇ ಪ್ರಾಜೆಕ್ಟ್ ಅಂದರು. ಅದೇ ಡ್ಯೂಯಿ ಅವರ ಪಾಠ ಕೇಳಿದ ಇನ್ನೊಬ್ಬ ವಿದ್ಯಾರ್ಥಿ 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿದ್ದ ಭೀಮರಾವ್ ಅಂಬೇಡ್ಕರ್. ಅಂದರೆ ಈ ಕಲಿಕೆಯ ಪದ್ಧತಿ, ನಮ್ಮ ದೇಶದ ದೊಡ್ಡ ಹಕ್ಕಿನ ಹೋರಾಟ ಎರಡಕ್ಕೂ ಒಬ್ಬ ಗುರುವಿನ ನಂಟಿದೆ. ಇದನ್ನು ಬಿ.ಇಡಿ ತರಗತಿಗಳಲ್ಲಿ ಒತ್ತಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ನಮ್ಮ ದೇಶಕ್ಕೆ ಬಂದರೆ, 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಕಲಿಸುವ ಮೂಲ ಶಿಕ್ಷಣದ ಮಾತಾಡಿದರು, ಅದು ಕೆಲವು ವರ್ಷ ನಡೆದು ಸೊರಗಿತು, ಆಮೇಲೆ ಹತ್ತಾರು ವರ್ಷ ಬಾಯಿಪಾಠದ ಕಾಲವೇ ನಡೆಯಿತು. 1993ರಲ್ಲಿ ಯಶಪಾಲ್ ಸಮಿತಿ ಮಕ್ಕಳ ಹೊರೆ ಇಳಿಸಿ ಅಂದಿತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಟ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಶುರುವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಅಂತ ನೇರವಾಗಿ ಹೇಳಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಅದರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇತ್ತು. ಅದೇ ನಮ್ಮ ಶಾಲೆಗಳ ಸಿಸಿಇ.

ಇಲ್ಲಿಯವರೆಗೆ ಎಲ್ಲ ಸರಿ. ತಿರುವು ಬಂದದ್ದು 2014-15ರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕಕ್ಕೆ ಲಿಖಿತ ಪರೀಕ್ಷೆ, 20 ಅಂಕಕ್ಕೆ ಆಂತರಿಕ ಮೌಲ್ಯಮಾಪನ ಅಂತ ಆಯಿತು. ಪ್ರಥಮ ಭಾಷೆಗೆ 100 ಮತ್ತು 25. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ, ಪ್ರತಿಯೊಂದರಲ್ಲೂ ಚಟುವಟಿಕೆ. ಆರು ವಿಷಯಕ್ಕೂ ಬೇರೆ ಬೇರೆ. 2023-24ರಿಂದ ಪಿಯುಸಿಯ ಕಲೆ, ವಾಣಿಜ್ಯ ವಿಭಾಗಗಳಿಗೂ 20 ಆಂತರಿಕ ಅಂಕ ಬಂತು. ಮಗು ತಾನೇ ಆರಿಸಿಕೊಂಡು ಮಾಡಬೇಕಾದ ಕೆಲಸ ಹೀಗೆ ಎಲ್ಲರೂ ಒಂದೇ ದಿನ ಕೊಡಬೇಕಾದ ಫೈಲ್ ಆಯಿತು. ಒಂದು ತರಗತಿಯಲ್ಲಿ 60 ಮಕ್ಕಳಿದ್ದರೆ ಒಬ್ಬ ಸಮಾಜ ವಿಜ್ಞಾನ ಶಿಕ್ಷಕರ ಮೇಜಿನ ಮೇಲೆ ಒಂದು ಎಫ್‌ಎಗೆ ಎಷ್ಟು ಫೈಲ್ ಬೀಳುತ್ತವೆ, ನೀವೇ ಲೆಕ್ಕ ಹಾಕಿ. ಅಷ್ಟನ್ನೂ ಓದಿ, ಪ್ರತಿ ಮಗುವಿನ ಜೊತೆ ಕೂತು ಮಾತಾಡುವುದಕ್ಕೆ ಟೈಮ್ ಎಲ್ಲಿದೆ? ಅಂಕ ಕೊಡದಿದ್ದರೆ ಮಗುವಿಗೆ ನಷ್ಟ. ಹಾಗಾಗಿ ಎಲ್ಲರಿಗೂ 18, 19. ಇದರಲ್ಲಿ ಯಾರೊಬ್ಬರ ತಪ್ಪನ್ನೂ ಹುಡುಕಲು ಆಗುವುದಿಲ್ಲ. ಅವರವರ ಜಾಗದಲ್ಲಿ ನಿಂತು ನೋಡಿದರೆ ಎಲ್ಲರೂ ಮಾಡುತ್ತಿರುವುದು ಅರ್ಥವಾಗುವಂಥದ್ದೇ.

ಇನ್ನು ಹಕ್ಕಿನ ಚರಿತ್ರೆ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಸ್ಪೃಶ್ಯತೆಯ ವಿಷಯ ಬರುತ್ತದೆ, ಸಂವಿಧಾನದ 17ನೇ ವಿಧಿ ಬರುತ್ತದೆ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಇಸವಿಗಳ ಪಟ್ಟಿ ಕೊಟ್ಟರೆ ಮಕ್ಕಳು ಚೆನ್ನಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಈ ಕಾಯ್ದೆಗಳು ಯಾಕೆ ಬೇಕಾದವು ಅನ್ನುವುದಕ್ಕೆ ಉತ್ತರ ದೂರದ ಊರಲ್ಲಿಲ್ಲ. ಧಾರವಾಡದಲ್ಲೇ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿಯವರಿಗೇ ಇದು ಜಾಸ್ತಿ ಗೊತ್ತಿಲ್ಲ.

1856ರ ಜೂನ್. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆಗ ಅಸ್ಪೃಶ್ಯರು ಅನ್ನುತ್ತಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಇಲ್ಲಿನ ಸರ್ಕಾರಿ ಸಾಲಿಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಅವನ ಹೆಸರು ಈ ಕಥೆ ಹೇಳುವವರ ಬಾಯಲ್ಲಿ ಉಳಿದಿಲ್ಲ, ಎಲ್ಲ ಕಡೆ ಅವನು ಬರೀ "ಅರ್ಜಿದಾರ". ಸರ್ಕಾರ ಕೊಟ್ಟ ಉತ್ತರ ಮಾತ್ರ ಉಳಿದಿದೆ. ಅದರ ಸಾರ ಇಷ್ಟು: ನ್ಯಾಯ ನಿನ್ನ ಕಡೆಗೇ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಶತಮಾನಗಳಿಂದ ಬಂದ ನಂಬಿಕೆಗಳಿಗೆ ಒಬ್ಬಿಬ್ಬರ ಸಲುವಾಗಿ ಏಕಾಏಕಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬೀಳುತ್ತದೆ. ನಿನ್ನ ಕಷ್ಟ ಸರ್ಕಾರ ಹುಟ್ಟಿಸಿದ್ದಲ್ಲ, ಆದ್ದರಿಂದ ಸರ್ಕಾರ ಅದನ್ನು ಒಂದೇ ಏಟಿಗೆ ತೆಗೆಯಲೂ ಆಗುವುದಿಲ್ಲ.

ಈ ಉತ್ತರವನ್ನು ಎರಡು ಸಲ ಓದಬೇಕು. ಬೈಗುಳ ಇಲ್ಲ, ತಿರಸ್ಕಾರದ ಮಾತೂ ಇಲ್ಲ, ನಯವಾಗಿ ಬಾಗಿಲು ಮುಚ್ಚಿದ್ದಾರೆ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತಾದ ಭಾರತ ಸರ್ಕಾರ ಮುಂಬಯಿಗೆ ಬರೆಯಿತು. ನೀವು ಮಾಡಿದ್ದು ವಿವೇಕದ್ದೇ ಇರಬಹುದು, ಆದರೆ ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಯಾವ ಸರ್ಕಾರಿ ಶಾಲೆಯೂ ಬೇಡ ಅನ್ನುತ್ತಿರಲಿಲ್ಲ ಅನ್ನುವ ಅರ್ಥದಲ್ಲಿ. ಕಾಗದಪತ್ರ ಲಂಡನ್ನಿಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವ ಬಿಡಲು ಆಗುವುದಿಲ್ಲ ಅಂದರು. ಇದರಿಂದ ಕೆಲವರು ಮಕ್ಕಳನ್ನು ಬಿಡಿಸಬಹುದು, ಒಪ್ಪದವರು ತಮ್ಮ ದುಡ್ಡಲ್ಲಿ ಬೇರೆ ಶಾಲೆ ಕಟ್ಟಿಕೊಳ್ಳಲಿ ಅಂತಲೂ ಹೇಳಿದರು. ಅದೇ ವರ್ಷ ಕಂಪನಿಯ ಆಳ್ವಿಕೆ ಮುಗಿಯಿತು. 1882ರ ಹಂಟರ್ ಶಿಕ್ಷಣ ಆಯೋಗ ಈ ತತ್ವವನ್ನು ಮತ್ತೆ ಎತ್ತಿಹಿಡಿಯಿತು, ಜಾರಿ ಮಾಡುವಾಗ ಹುಷಾರಾಗಿರಿ ಅಂತ ಜೊತೆಗೇ ಸೇರಿಸಿತು. ಆದೇಶ ಒಂದು ಕಡೆ, ಊರಿನ ಸಾಲಿ ಇನ್ನೊಂದು ಕಡೆ, ಹಾಗೇ ದಶಕಗಳು ಕಳೆದವು. 1928ರಲ್ಲಿ ಸೈಮನ್ ಆಯೋಗಕ್ಕೆ ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣದ ಸ್ಥಿತಿ ವಿವರಿಸಿ ಅಂಬೇಡ್ಕರ್ ಒಂದು ಹೇಳಿಕೆ ಸಲ್ಲಿಸಿದರು. ಅದರಲ್ಲಿ ಧಾರವಾಡದ ಈ ಹುಡುಗನ ಪ್ರಕರಣ ಬರುತ್ತದೆ. 72 ವರ್ಷ ಆದಮೇಲೂ ಅದು ಹಳೆಯ ಕಥೆ ಆಗಿರಲಿಲ್ಲ.

ಅದೇ ಸುಮಾರಿಗೆ, 1920ರ ದಶಕದ ಕೊನೆಗೆ, ಅಂಬೇಡ್ಕರ್ ಧಾರವಾಡದಲ್ಲಿ ದಲಿತ ಮಕ್ಕಳಿಗೆ ಹಾಸ್ಟೆಲ್ ತೆರೆಯಿಸಿದರು. ಅವರ ಹೆಂಡತಿ ರಮಾಬಾಯಿ ಇಲ್ಲಿ ಬಂದು ಉಳಿದಿದ್ದಾಗ ಹಾಸ್ಟೆಲಿನಲ್ಲಿ ಅಡುಗೆಗೆ ರೇಷನ್ ಇರಲಿಲ್ಲ, ತಮ್ಮ ಬಳೆಗಳನ್ನು ಬಿಚ್ಚಿಕೊಟ್ಟು ಮಕ್ಕಳಿಗೆ ಊಟ ಮಾಡಿಸಿದರು ಅಂತ ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ.

ಅಮೆರಿಕದಲ್ಲಿ 1960ರಲ್ಲಿ ರೂಬಿ ಬ್ರಿಡ್ಜಸ್ ಅನ್ನುವ ಆರು ವರ್ಷದ ಕಪ್ಪು ಹುಡುಗಿ ನ್ಯೂ ಆರ್ಲಿಯನ್ಸ್‌ನಲ್ಲಿ ಬಿಳಿಯರ ಶಾಲೆಗೆ ಮಾರ್ಷಲ್‌ಗಳ ಕಾವಲಿನಲ್ಲಿ ಹೋದಳು. ಬಿಳಿಯ ಪಾಲಕರು ಮಕ್ಕಳನ್ನು ಶಾಲೆ ಬಿಡಿಸಿದರು. ಅಲ್ಲಿನ ಮಕ್ಕಳು ಇವತ್ತಿಗೂ ಅವಳ ಬಗ್ಗೆ ಚಿತ್ರ ಬರೆಯುತ್ತಾರೆ, ನಾಟಕ ಆಡುತ್ತಾರೆ, ಅವಳಿಗೆ ಕಾಗದ ಬರೆಯುತ್ತಾರೆ. ಅವಳಿಗಿಂತ 104 ವರ್ಷ ಮೊದಲು ಧಾರವಾಡದ ಹುಡುಗ ಅರ್ಜಿ ಹಾಕಿದ್ದ. ಅವನ ಬಗ್ಗೆ ಒಂದೇ ಒಂದು ಪ್ರಾಜೆಕ್ಟ್ ಫೈಲ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸಾಮಗ್ರಿ ಇದೊಂದೇ ಅಂತಲ್ಲ. ಗದಗ ಜಿಲ್ಲೆಯ ನರಗುಂದ, ಪಕ್ಕದ ನವಲಗುಂದದ ಮಕ್ಕಳಿಗೆ ಜುಲೈ 21 ಗೊತ್ತು. 1980ರಲ್ಲಿ ಮಲಪ್ರಭಾ ನೀರಾವರಿಯ ಕರ ವಿರೋಧಿಸಿ ರೈತರು ಎದ್ದದ್ದು, ಗೋಲಿಬಾರ್ ಆದದ್ದು ಮನೆಮನೆಯ ಮಾತು. ಹುಬ್ಬಳ್ಳಿಯಲ್ಲಿ 1942ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಬಾಲಕ ನಾರಾಯಣ ಡೋಣಿ ಇದ್ದಾನೆ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ದಂಡಿ ಯಾತ್ರೆಗೆ ಹೋದವರು, 1943ರಲ್ಲಿ ಹೊಸರಿತ್ತಿಯಲ್ಲಿ ಪ್ರಾಣ ಕೊಟ್ಟವರು. ಇವರೆಲ್ಲ ಪ್ರಾಜೆಕ್ಟಿಗೆ ಬರುತ್ತಾರೆ, ಬರಬೇಕು ಕೂಡ. ಆದರೆ ಅದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ, ತಲೆತಲಾಂತರದಿಂದ ಊರಿನ ಮಲ ಬಳಿದ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸಬೇಡಿ ಅಂತ ಮೈಮೇಲೆ ಮಲ ಸುರಿದುಕೊಂಡು ನಿಂತರು. ದೇಶವೇ ನೋಡಿತು. ಮಲ ಹೊರುವುದನ್ನು ನಿಷೇಧಿಸುವ ಹೊಸ ಕಾಯ್ದೆ 2013ರಲ್ಲಿ ಬಂತು. ಇದೂ ನಾಗರಿಕ ಹಕ್ಕಿನ ಚರಿತ್ರೆಯೇ ಅಲ್ವಾ? ಆದರೆ ಇದನ್ನು ಚಾರ್ಟ್ ಮೇಲೆ ತರಲು ಶಾಲೆಗಳು ಹಿಂಜರಿಯುತ್ತವೆ.

ಹಿಂಜರಿಕೆಗೆ ಕಾರಣ ಇದೆ. ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ಎದುರಾಳಿ ಹೊರಗಿನವನು. ಕೆರೆ, ಗುಡಿ, ಹೋಟೆಲ್ಲು, ಕ್ಷೌರದಂಗಡಿಯ ವಿಷಯಕ್ಕೆ ಬಂದರೆ ತರಗತಿಯ ಒಂದೇ ಬೆಂಚಿನಲ್ಲಿ ಎರಡೂ ಕಡೆಯ ಮನೆಯ ಮಕ್ಕಳು ಕೂತಿರುತ್ತಾರೆ. ಸಂಜೆ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಬಂದು ಕೇಳಿದರೆ ಏನು ಹೇಳಬೇಕು ಅನ್ನುವ ಅಳುಕು ಶಿಕ್ಷಕರಿಗೆ ಇರುತ್ತದೆ. ಮೇಲೆ ಪಠ್ಯಪುಸ್ತಕದ ಗೊಂದಲ. 2017ರಲ್ಲಿ ಪರಿಷ್ಕರಣೆ, 2022ರಲ್ಲಿ ಮತ್ತೆ, 2023ರಲ್ಲಿ ಮತ್ತೊಮ್ಮೆ ಬದಲಾವಣೆ. ಯಾವ ಪಾಠ ಉಳಿಯಿತು, ಯಾವುದು ಹೋಯಿತು ಅಂತ ನೋಡುವುದರಲ್ಲೇ ಎಫ್‌ಎ ಬಂದುಬಿಡುತ್ತದೆ. ಇಂಥ ಹೊತ್ತಲ್ಲಿ ಚಿತ್ರಪಟ ಅಂಟಿಸುವುದು ಎಲ್ಲರಿಗೂ ಸುರಕ್ಷಿತ.

ಹಾಗಂತ ಬೇರೆ ದಾರಿ ಇಲ್ಲ ಅಂತಲ್ಲ. ನವಲಗುಂದ ಭಾಗದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ನೋಡಿದ ಒಂದು ಚಾರ್ಟ್ ನನಗೆ ಮರೆಯುವುದಿಲ್ಲ. ಆ ಕಡೆ ಬೋರಿನ ನೀರು ಸವಳು, ಕುಡಿಯುವುದಕ್ಕೆ ಕೆರೆಯ ನೀರೇ ಗತಿ. ಮಕ್ಕಳ ಒಂದು ಗುಂಪು ಕೆರೆಯ ನಕ್ಷೆ ಬರೆದಿತ್ತು. ಪಾವಟಿಗೆಗಳಿಗೆ ಎರಡು ಬಣ್ಣ. ಒಂದು ಬಣ್ಣದ ಪಾವಟಿಗೆ ಯಾರು ಬೇಕಾದರೂ ಇಳಿಯುತ್ತಿದ್ದದ್ದು. ಇನ್ನೊಂದು ಬಣ್ಣದ ಜಾಗದಲ್ಲಿ ಕೆಲವರು ಕೊಡ ಇಟ್ಟುಕೊಂಡು, ಯಾರಾದರೂ ನೀರು ಸುರಿದಾರು ಅಂತ ಕಾಯುತ್ತಿದ್ದದ್ದು. ಬದಿಯಲ್ಲಿ ಪೆನ್ಸಿಲ್ಲಿನಲ್ಲಿ "ನಮ್ಮಜ್ಜಿ ಹೇಳಿದ್ದು", "ಗೌಡರ ಮನೆಯ ಮುತ್ಯಾ ಹೇಳಿದ್ದು" ಅಂತ ಎರಡು ಮಾತು. ಇಬ್ಬರು ಹೇಳಿದ್ದೂ ಪೂರ್ತಿ ಹೊಂದಿಕೆಯಾಗಿರಲಿಲ್ಲ. ಮಕ್ಕಳು ಅದನ್ನು ಸರಿಮಾಡಲು ಹೋಗದೆ ಎರಡನ್ನೂ ಬರೆದಿದ್ದರು. ಕೆಳಗೆ ಒಂದು ಪ್ರಶ್ನೆ: "ಇದು ಯಾವ ವರ್ಷ ನಿಂತಿತು?" ಉತ್ತರದ ಜಾಗ ಖಾಲಿ. ಅಕ್ಷರ ವಕ್ರ, ಥರ್ಮಾಕೋಲ್ ಇಲ್ಲ, ಮಿಂಚು ಇಲ್ಲ. ಅಂಕದ ಪಟ್ಟಿಯಲ್ಲಿ ಆ ಚಾರ್ಟಿಗೆ, ಅಂಗಡಿಯ ಚಿತ್ರ ಅಂಟಿಸಿದ ಚಾರ್ಟಿಗೆ ಹೆಚ್ಚು ಕಡಿಮೆ ಒಂದೇ ಅಂಕ ಬಿದ್ದಿತ್ತು.

ಮಗುವಿನ ಸೃಜನಶೀಲತೆ ನನಗೆ ಕಂಡದ್ದು ಆ ಖಾಲಿ ಬಿಟ್ಟ ಜಾಗದಲ್ಲಿ. ಎರಡು ಮಾತು ಕೇಳಿ, ಎರಡೂ ಬೇರೆ ಯಾಕೆ ಅಂತ ಯೋಚಿಸುವುದು ದೊಡ್ಡವರೂ ಜಾಸ್ತಿ ಮಾಡದ ಕೆಲಸ.

ಧಾರವಾಡದ 1856ರ ಅರ್ಜಿ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಂಟನೇ, ಒಂಬತ್ತನೇ ತರಗತಿಯವರು ಗುಂಪಲ್ಲಿ ಮಾಡಬಹುದು. ಒಂದು ಗುಂಪು ಆ ಹುಡುಗನ ಅರ್ಜಿಯನ್ನು ತಾವೇ ಬರೆಯಲಿ. ಇನ್ನೊಂದು ಗುಂಪು ಮುಂಬಯಿ ಸರ್ಕಾರದ ಉತ್ತರ ಓದಿ, ಅದರಲ್ಲಿ ಯಾವ ಮಾತು ನ್ಯಾಯ ಒಪ್ಪುತ್ತದೆ, ಯಾವ ಮಾತು ಅದನ್ನು ತಡೆಯುತ್ತದೆ ಅಂತ ಬಣ್ಣ ಹಚ್ಚಲಿ. ಮೂರನೆಯ ಗುಂಪು ಅವನ ಪಕ್ಕ ಕೂರಲು ಮಗನನ್ನು ಬಿಡದ ಒಬ್ಬ ಅಪ್ಪನ ಮಾತು ಬರೆಯಲಿ. ಅಂಥ ಅಪ್ಪನಿಗೂ ಅವನದೇ ಭಯಗಳು ಇದ್ದವು, ಅದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ. ಕೊನೆಗೆ ಮೂರನ್ನೂ ಸೇರಿಸಿ ಹತ್ತು ನಿಮಿಷದ ನಾಟಕ. ನಂತರ ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಒಂದೇ ಪ್ರಶ್ನೆ ಕೇಳಿಕೊಂಡು ಬರಲಿ: ನಿಮ್ಮ ಕಾಲದಲ್ಲಿ ಸಾಲಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು? ಜಾತಿ ಹೆಸರು ಹಿಡಿದು ತರಗತಿಯಲ್ಲಿ ಯಾರನ್ನೂ ಎತ್ತಿ ಮಾತಾಡಿಸಬಾರದು ಅನ್ನುವ ಒಪ್ಪಂದ ಮೊದಲೇ ಆಗಬೇಕು, ಅದು ತುಂಬಾ ಮುಖ್ಯ.

ಇಷ್ಟಕ್ಕೆ ಮೂರು ಪಿರಿಯಡ್ ಸಾಕು. ಖರ್ಚು ಕಾಗದದ್ದು ಮಾತ್ರ. ಈಗಿರುವ ಎಫ್‌ಎ ಚಟುವಟಿಕೆಯಲ್ಲೇ ಇದನ್ನು ತೋರಿಸಬಹುದು, ಗುಂಪಿಗೆ ಒಂದೇ ಫೈಲ್ ಆದ್ದರಿಂದ ಓದುವ ಹೊರೆಯೂ ಇಳಿಯುತ್ತದೆ. ಅಂಕ ಹಾಕುವಾಗ ಚಂದಕ್ಕೆ ಕೊಡುವ ಪಾಲು ಕಡಿಮೆ ಮಾಡಿ, ಮಗು ಯಾರನ್ನು ಮಾತಾಡಿಸಿತು, ಏನು ಕೇಳಿತು ಅನ್ನುವುದಕ್ಕೆ ಜಾಸ್ತಿ ಕೊಟ್ಟರೆ ಆಯಿತು.